ಒಂದೇ ಬಿಲ್, ಹಲವು ಮನೆ: ಕರೆಂಟು, ನೀರಿನ ಖರ್ಚು ಹಂಚುವ ಲೆಕ್ಕ

ಇಡೀ ಕಟ್ಟಡಕ್ಕೆ ಬಂದ ಬಿಲ್ಲನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿಬಿಟ್ಟರೆ ಒಬ್ಬರೇ ಇರುವ ಮನೆಗೆ ಅನ್ಯಾಯವಾಗುತ್ತದೆ. ಭಾಗಿಸುವ ಮೊದಲು ಬಿಲ್ಲನ್ನು ಬಿಡಿಸಿ: ನಿಗದಿತ ಶುಲ್ಕ ಬೇರೆ, ಮನೆಗಳ ಬಳಕೆ ಬೇರೆ, ಮೆಟ್ಟಿಲ ದೀಪ, ಲಿಫ್ಟ್, ಪಂಪಿನಂಥ ಸಾಮಾನ್ಯ ಬಳಕೆ ಬೇರೆ. ನಿಗದಿತ ಶುಲ್ಕ, ಸಾಮಾನ್ಯ ಬಳಕೆ ಎರಡನ್ನೂ ಎಲ್ಲ ಮನೆಗೂ ಸಮನಾಗಿ ಹಾಕಿ. ಖಾಲಿ ಮನೆಯ ಪಾಲು ಮಾಲೀಕರದು. ತಡವಾಗಿ ಕಟ್ಟಿದ್ದಕ್ಕೆ ಬಿದ್ದ ದಂಡವನ್ನಂತೂ ಬಾಡಿಗೆದಾರರ ತಲೆಗೆ ಕಟ್ಟಲೇಬಾರದು.

ಮನೆಮನೆಗೂ ಬೇರೆ ಮೀಟರ್ (ಸಬ್‌ಮೀಟರ್) ಇದ್ದರೆ ಮುಖ್ಯ ಮೀಟರಿನ ರೀಡಿಂಗ್ ತೆಗೆದ ದಿನವೇ ಎಲ್ಲ ಮನೆಯದನ್ನೂ ಓದಿ, ಫೋಟೋ ತೆಗೆದಿಡಿ. ನಾಲ್ಕು ದಿನ ತಡವಾದರೆ ಮೊತ್ತ ತಾಳೆಯಾಗುವುದಿಲ್ಲ. ಬಳಕೆ ಶುಲ್ಕವನ್ನು ಒಟ್ಟು ಯೂನಿಟ್‌ಗಳಿಂದ ಭಾಗಿಸಿ ಬಂದ ಸರಾಸರಿ ದರವನ್ನೇ ಎಲ್ಲರಿಗೂ ಹಾಕಿ. ಬಳಕೆ ಹೆಚ್ಚಾದಂತೆ ದರ ಏರುವ ಹಂತಗಳಲ್ಲಿ (ಸ್ಲ್ಯಾಬ್) ಮೇಲಿನದರ ದರ ಹಾಕಿದರೆ ಬಿಲ್ಲಿಗಿಂತ ಹೆಚ್ಚು ವಸೂಲಾಗುತ್ತದೆ. ನೀರಿನ ಮೀಟರಿನಲ್ಲಿ ಸಾಮಾನ್ಯವಾಗಿ ಕಪ್ಪು ಅಂಕಿಗಳು ಘನ ಮೀಟರ್, ಅಂದರೆ ತಲಾ 1,000 ಲೀಟರ್. ಕೆಂಪು ಅಂಕಿಗಳು ಅದರ ದಶಾಂಶ. ಎರಡನ್ನೂ ಸೇರಿಸಿ ಓದಿದರೆ ಬಳಕೆ ಹತ್ತು, ನೂರು ಪಟ್ಟು ಉಬ್ಬುತ್ತದೆ.

ನೀರಿಗೆ ಸಬ್‌ಮೀಟರ್ ಇಲ್ಲದಿದ್ದರೆ ತಲೆ ಎಣಿಸಿದರಷ್ಟೇ ಸಾಲದು, ಎಷ್ಟು ಜನ ಎಷ್ಟು ದಿನ ಇದ್ದರೆಂದು ಗುಣಿಸಿ. ತಿಂಗಳಿಗೆ 50,000 ಲೀಟರ್ ಬಂದು, ಅದರಲ್ಲಿ 2,000 ಸಾಮಾನ್ಯ ಬಳಕೆ ಎಂದುಕೊಳ್ಳಿ. ಮೊದಲ ಮನೆಯಲ್ಲಿ 3 ಜನ 30 ದಿನ: 90. ಎರಡನೆಯದರಲ್ಲಿ 2 ಜನ, ತಿಂಗಳ ನಡುವೆ ಬಂದು 15 ದಿನ: 30. ಮೂರನೆಯದರಲ್ಲಿ 4 ಜನ 30 ದಿನ: 120. ಒಟ್ಟು 240. ಉಳಿದ 48,000 ಲೀಟರನ್ನು 240ರಿಂದ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 200 ಲೀಟರ್. ಮನೆಗಳ ಪಾಲು ಕ್ರಮವಾಗಿ 18,000, 6,000, 24,000. ಎರಡನೆಯ ಮನೆಗೆ ಇಡೀ ತಿಂಗಳ ಲೆಕ್ಕ ಹಾಕಿದ್ದರೆ ಇರದ ದಿನಗಳಿಗೂ ಅವರು ದುಡ್ಡು ಕೊಡಬೇಕಿತ್ತು.

ನೀರಿನ ಸಬ್‌ಮೀಟರ್‌ಗಳ ಮೊತ್ತಕ್ಕೂ ಮುಖ್ಯ ಮೀಟರಿಗೂ ನಡುವಿನ ಅಂತರ ದಿಢೀರನೆ ಏರಿದರೆ ಹಂಚುವ ಮೊದಲು ಸೋರಿಕೆ ಹುಡುಕಿ. ರಾತ್ರಿ ಉಳಿದೆಲ್ಲ ವಾಲ್ವ್ ಮುಚ್ಚಿ, ಮುಖ್ಯ ವಾಲ್ವ್ ಮಾತ್ರ ತೆರೆದಿಟ್ಟು ಮುಖ್ಯ ಮೀಟರ್ ನೋಡಿ. ಮುಳ್ಳು ತಿರುಗುತ್ತಿದ್ದರೆ ಪೈಪು ಸೋರುತ್ತಿದೆ. ಆ ನಷ್ಟ ಕಟ್ಟಡದ್ದು, ಬಾಡಿಗೆದಾರರದ್ದಲ್ಲ. ಫ್ಲಶ್ ಟ್ಯಾಂಕಿನಿಂದ ಸಣ್ಣಗೆ ಜಿನುಗುವ ನೀರನ್ನು ಕೆಲವು ಸಬ್‌ಮೀಟರ್‌ಗಳು ದಾಖಲಿಸುವುದೇ ಇಲ್ಲ, ಹಾಗಾಗಿ ಮನೆಯೊಳಗೂ ಒಮ್ಮೆ ನೋಡಿ.

ಹಂಚುವ ಕ್ರಮವನ್ನು ಬಾಡಿಗೆ ಕರಾರಿನಲ್ಲೇ ಬರೆಯಿರಿ. ಪ್ರತಿ ಚೀಟಿಯಲ್ಲೂ ಹಿಂದಿನ ರೀಡಿಂಗ್, ಈಗಿನದು, ದರ ಇರಲಿ. ಮೂಲ ಬಿಲ್ಲಿನ ಪ್ರತಿಯನ್ನೂ ಲಗತ್ತಿಸಿ. ಮನೆ ಖಾಲಿ ಮಾಡುವ ದಿನ ಇಬ್ಬರೂ ಎದುರಿದ್ದು ರೀಡಿಂಗ್ ಬರೆದು ಸಹಿ ಹಾಕಿ. ಅದಿಲ್ಲದೆ ಠೇವಣಿಯಿಂದ ಎಷ್ಟು ಮುರಿಯಬೇಕೆಂಬುದಕ್ಕೆ ಆಧಾರವೇ ಇರುವುದಿಲ್ಲ.