ಅಲೆ ಹತ್ತೋ ಮೊದಲು ಗೋಡೆ ಕ್ಯಾಲೆಂಡರ್ ನೋಡಿ

ಮಂಗಳೂರಿನ ಹತ್ರದ ಮುಲ್ಕಿಗೋ ಸಸಿಹಿತ್ಲುಗೋ ಸರ್ಫಿಂಗ್ ಕಲಿಯೋಕೆ ಬರೋರಲ್ಲಿ ತುಂಬಾ ಜನ ಅಲೆ ಎಷ್ಟು ದೊಡ್ಡದಿದೆ ಅಂತ ಕೇಳ್ತಾರೆ, ಭರತ, ಅಂದ್ರೆ ಸಮುದ್ರದ ನೀರು ಪೂರ್ತಿ ಏರೋದು, ಎಷ್ಟೊತ್ತಿಗೆ ಅಂತ ಕೇಳೋದೇ ಇಲ್ಲ. ಅದೇ ಬೀಚು, ಅದೇ ಅಲೆ, ಆದ್ರೂ ಬೆಳಗ್ಗೆ ಏಳಕ್ಕೆ ನಿಮ್ಮನ್ನ ಆರಾಮಾಗಿ ತೇಲಿಸಿಕೊಂಡು ಬಂದಿದ್ದು ಹತ್ತು ಗಂಟೆಗೆ ದಡದಲ್ಲೇ ಧಪ್ ಅಂತ ಕೆಡವಬಹುದು, ಯಾಕಂದ್ರೆ ಅಷ್ಟರಲ್ಲಿ ನೀರಿನ ಆಳ ಬದಲಾಗಿರತ್ತೆ.

ಮೊದ್ಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ. ಅಲೆ ಎಬ್ಬಿಸೋದು ಗಾಳಿ, ಉಬ್ಬರ ಇಳಿತ ಮಾಡೋದು ಚಂದ್ರ, ಜೊತೆಗೆ ಸೂರ್ಯ. ತನ್ನ ಕಡೆಗಿರೋ ನೀರನ್ನ ಚಂದ್ರ ಜಾಸ್ತಿ ಎಳೀತಾನೆ, ಆಚೆ ಬದಿಯದನ್ನ ಕಮ್ಮಿ, ಹಂಗಾಗಿ ಭೂಮಿಯ ಎರಡೂ ಕಡೆ ನೀರು ಉಬ್ಬತ್ತೆ, ಭೂಮಿ ತಿರುಗೋದ್ರಿಂದ ನಮ್ಮ ಕರಾವಳಿಗೆ ದಿನಕ್ಕೆ ಎರಡು ಭರತ ಎರಡು ಇಳಿತ. ಚಂದ್ರನೂ ಸುತ್ತುತ್ತಾ ಇರ್ತಾನಲ್ಲ, ಅದಕ್ಕೇ ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗತ್ತೆ.

ಈಗ ಕ್ಯಾಲೆಂಡರ್. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ಸೂರ್ಯ ಚಂದ್ರರ ಎಳೆತ ಒಟ್ಟು ಸೇರತ್ತೆ, ಭರತ ಮೇಲೆ ಬರತ್ತೆ, ಇಳಿತ ತುಂಬಾ ಕೆಳಗೆ ಹೋಗತ್ತೆ. ಅಷ್ಟಮಿ ಹೊತ್ತಿಗೆ ವ್ಯತ್ಯಾಸ ಕಮ್ಮಿ. ಗಂಟೆ ನಿಮಿಷ ಬೇಕಂದ್ರೆ ಟೈಡ್ ಟೇಬಲ್, ಅಂದ್ರೆ ಭರತ ಇಳಿತದ ವೇಳಾಪಟ್ಟಿ ನೋಡಿ, ಅಲೆ ಹೇಗಿರತ್ತೆ ಅನ್ನೋದಕ್ಕೆ ಸಮುದ್ರದ ಮಾಹಿತಿ ಕೊಡೋ ಹೈದರಾಬಾದಿನ ಇನ್‌ಕಾಯ್ಸ್ (INCOIS) ಸಂಸ್ಥೆಯ ಮುನ್ಸೂಚನೆ ನೋಡಿ.

ನೀರು ಒಂದೇ ಸ್ಪೀಡಲ್ಲಿ ಏರಲ್ಲ, ಇದು ನನಗೆ ತುಂಬಾ ಮುಖ್ಯ ಅನ್ಸೋ ವಿಷಯ. ಇಳಿತಕ್ಕೂ ಭರತಕ್ಕೂ ಮಧ್ಯೆ ಸುಮಾರು ಆರು ಗಂಟೆ. ಒಟ್ಟು 120 ಸೆಂಟಿಮೀಟರ್ ಏರೋದಾದ್ರೆ ಮೊದಲ ಗಂಟೆ ಅಂದಾಜು 10, ಆಮೇಲೆ 20, ಮತ್ತೆ 30, 30, ಕೊನೆಗೆ 20, 10. ಮಧ್ಯದ ಎರಡು ಗಂಟೆಯಲ್ಲೇ ಅರ್ಧ ಏರಿಬಿಡತ್ತೆ! ಬೀಚಿಗೆ ಹೋದ ತಕ್ಷಣ ನೀರಿನ ಅಂಚಲ್ಲಿ ಒಂದು ಕೋಲು ನೆಟ್ಟು ಇಪ್ಪತ್ತು ನಿಮಿಷ ಕೂತ್ಕೊಳ್ಳಿ, ಕೋಲಿನ ಬುಡದ ಮರಳು ಒಣಗ್ತಾ ಬಂತಾ, ಇಲ್ಲಾ ನೊರೆ ದಾಟಿ ಬಂತಾ ಅಂತ ಕಣ್ಣಿಗೇ ಕಾಣತ್ತೆ.

ಪೂರ್ತಿ ಇಳಿತದಲ್ಲಿ ನೀರಿನಡಿಯ ಮರಳ ದಿಬ್ಬದ ಮೇಲೆ ನೀರು ತೆಳು, ಅಲೆ ಗಬಕ್ಕನೆ ಮುರಿಯತ್ತೆ, ತಲೆಕೆಳಗಾಗಿ ಬಿದ್ರೆ ಕುತ್ತಿಗೆಗೆ ಏಟು. ಪೂರ್ತಿ ಭರತದಲ್ಲಿ ಅಲೆ ದಿಬ್ಬದ ಮೇಲೆ ಮುರಿಯದೆ ದಡದಲ್ಲೇ ಬಂದು ಅಪ್ಪಳಿಸತ್ತೆ. ಹೊಸಬರಿಗೆ ಸಾಮಾನ್ಯವಾಗಿ ನೀರು ಏರ್ತಾ ಇರೋ ನಡುವಿನ ಹೊತ್ತು ಒಳ್ಳೇದು, ಆದ್ರೆ ಪ್ರತಿ ಬೀಚಿನ ದಿಬ್ಬ ಬೇರೆ, ಮಳೆಗಾಲ ಮುಗಿದ ಮೇಲಂತೂ ಅದರ ಜಾಗವೇ ಬದಲಾಗಿರತ್ತೆ, ಹಾಗಾಗಿ ಅಲ್ಲಿನ ಮೀನುಗಾರರನ್ನ ಕೇಳಿಯೇ ಇಳೀರಿ.

ಅಳಿವೆ ಬಾಗಿಲಿನ ಹತ್ರ ಮಾತ್ರ ಇಳಿತದ ಹೊತ್ತಲ್ಲಿ ಹೋಗ್ಲೇಬೇಡಿ. ಸಸಿಹಿತ್ಲುವಲ್ಲಿ ಶಾಂಭವಿ, ನಂದಿನಿ ಎರಡೂ ಹೊಳೆ ಸಮುದ್ರ ಸೇರೋದು, ಹೊಳೆ ನೀರೂ ಒಳಗೆ ನುಗ್ಗಿದ್ದ ಭರತದ ನೀರೂ ಒಟ್ಟಿಗೆ ಹೊರಗೆ ಹರಿಯತ್ತೆ. ಎಳೆತಕ್ಕೆ ಸಿಕ್ಕಿದ್ರೆ ದಡದ ಕಡೆ ನೇರ ಈಜೋಕೆ ಹೋಗ್ಬೇಡಿ, ಬೋರ್ಡ್ ಬಿಡ್ಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಪ್ಯಾಡಲ್ ಮಾಡಿ ಹೊರಗೆ ಬನ್ನಿ, ಆಮೇಲೆ ದಡಕ್ಕೆ ತಿರುಗಿ.