ಸಿಟಿ ಒಳಗೆ ಟ್ರಾಫಿಕ್ ಕಮ್ಮಿ ಇರೋ ಸೈಕ್ಲಿಂಗ್ ರೂಟ್ ಮಾಡ್ಕೊಳ್ಳೋದು ಹೇಗೆ

ಫಿಟ್‌ನೆಸ್‌ಗೆ ಅಂತ ಸೈಕಲ್ ಹೊಡೆಯೋಕೆ ಶುರು ಮಾಡೋರೆಲ್ಲ ಮೊದಲು ಕೇಳೋದು ಎಷ್ಟು ಕಿಲೋಮೀಟರ್ ಹೋಗ್ಬೇಕು ಅಂತ. ಸಿಟಿಲಿ ಆ ಲೆಕ್ಕ ಅಷ್ಟಾಗಿ ಕೆಲಸಕ್ಕೆ ಬರಲ್ಲ. ನಿಲ್ಲಿಸದೆ ಎಷ್ಟು ನಿಮಿಷ ಪೆಡಲ್ ತುಳಿಯೋಕಾಗತ್ತೆ ಅನ್ನೋದೇ ಮುಖ್ಯ, ಯಾಕಂದ್ರೆ ದಾರಿ ತುಂಬ ಸಿಗ್ನಲ್ ಇದ್ರೆ ಮೈ ಬಿಸಿಯಾಗಿ ಉಸಿರು ಏರೋ ಹೊತ್ತಿಗೆ ಸರಿಯಾಗಿ ಕಾಲು ಕೆಳಗೆ ಇಡ್ಬೇಕಾಗತ್ತೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ನಿಮಿಷದ ಲೆಕ್ಕನೇ, ದೊಡ್ಡೋರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ. ನಾಲ್ಕು ದಿನ 40 ನಿಮಿಷ ತುಳಿದ್ರೆ ಆಯ್ತು. ಅದಕ್ಕೆ ಊರೆಲ್ಲ ಸುತ್ತೋ ರೂಟ್ ಯಾಕೆ, 3–5 ಕಿಲೋಮೀಟರಿನ ಒಂದು ಒಳ್ಳೆ ಲೂಪ್ ಹುಡುಕಿ 40 ನಿಮಿಷ ಆಗೋವರೆಗೆ ಅದನ್ನೇ ರೌಂಡ್ ಹೊಡೀರಿ. ಬೋರ್ ಆಗತ್ತೆ ಅಂತೀರಾ, ಆಗತ್ತೆ, ಆದ್ರೆ ಎಲ್ಲಿ ಗುಂಡಿ ಇದೆ, ಯಾವ ಗೇಟಿಂದ ಗಾಡಿ ಹೊರಗೆ ಬರತ್ತೆ ಅಂತ ಒಂದು ವಾರದಲ್ಲಿ ಬಾಯಿಪಾಠ ಆಗಿರತ್ತೆ.

ಮ್ಯಾಪ್ ತೆಗೆದ ತಕ್ಷಣ ರಸ್ತೆ ಹುಡುಕ್ಬೇಡಿ, ಅಡ್ಡ ಏನೇನಿದೆ ನೋಡಿ. ರೈಲ್ವೆ ಲೈನು, ಹೈವೇ, ನದಿ, ಕೆರೆ. ಇವನ್ನ ದಾಟೋಕೆ ಇರೋದು ಒಂದೆರಡು ಸೇತುವೆ ಇಲ್ಲ ಅಂಡರ್‌ಪಾಸ್, ಹಾಗಾಗಿ ಎಲ್ಲಾ ಗಾಡಿಗಳೂ ಅಲ್ಲೇ ಬಂದು ಗಂಟು ಬೀಳ್ತವೆ. ನಿಮ್ಮ ಲೂಪ್ ಅದನ್ನ ದಾಟದೇ ಈಚೆ ಕಡೆನೇ ಇರ್ಲಿ. ಹೈವೇ ಬಿಡಿ, ಆದ್ರೆ ಕೆರೆ, ರೈಲ್ವೆ ಕಾಂಪೌಂಡು, ದೊಡ್ಡ ಪಾರ್ಕು ಇವುಗಳ ಪಕ್ಕಕ್ಕೇ ಅಂಟಿಕೊಂಡು ಹೋಗೋ ಬೀದಿ ಇದ್ರೆ ಬಿಡ್ಬೇಡಿ, ಒಂದು ಕಡೆಯಿಂದ ಅಡ್ಡರಸ್ತೆನೇ ಬರಲ್ಲ, ಅಂದ್ರೆ ನುಗ್ಗೋ ಗಾಡಿನೂ ಅರ್ಧ ಕಮ್ಮಿ.

ಆಮೇಲೆ ಯಾವ ದಿಕ್ಕಲ್ಲಿ ಸುತ್ತೋದು. ಇದನ್ನ ಯಾರೂ ಯೋಚನೆ ಮಾಡಲ್ಲ. ಗಾಡಿಗಳು ಎಡಕ್ಕೆ ಓಡೋ ಕಡೆ ಲೂಪನ್ನ ಅಪ್ರದಕ್ಷಿಣವಾಗಿ ಹಾಕಿದ್ರೆ ಬಹುತೇಕ ಎಲ್ಲಾ ತಿರುವೂ ಎಡಕ್ಕೇ ಬರತ್ತೆ, ಎದುರಿಂದ ಬರೋ ಗಾಡಿಗಳ ಮಧ್ಯೆ ತೂರೋ ಕಷ್ಟ ಇರಲ್ಲ. ಬಲಕ್ಕೆ ಓಡೋ ಕಡೆ ಪ್ರದಕ್ಷಿಣವಾಗಿ. ಆದ್ರೆ ಹಾಗೆ ಸುತ್ತಿದ್ರೆ ಇಳಿಜಾರಿನ ಬುಡದಲ್ಲೇ ಜಂಕ್ಷನ್ ಸಿಗತ್ತೆ ಅಂದ್ರೆ ಆ ಬೀದಿನೇ ಬಿಟ್ಟು ಬೇರೆ ನೋಡೋದು ವಾಸಿ, ಸ್ಪೀಡಲ್ಲಿ ಇಳಿದು ಬಂದು ಬ್ರೇಕ್ ಹಿಡಿಯೋದ್ರಲ್ಲಿ ಫಿಟ್‌ನೆಸ್ಸೂ ಇಲ್ಲ ಸುಖಾನೂ ಇಲ್ಲ. ಸಣ್ಣ ಏರು ಇದ್ರೆ ಒಳ್ಳೇದೇ, 100 ಮೀಟರಿಗೆ 3 ಮೀಟರ್ ಏರಿದ್ರೂ ತೊಡೆಗೆ ಗೊತ್ತಾಗತ್ತೆ.

ಸ್ಟ್ರಾವಾ ಅನ್ನೋ ಆ್ಯಪಲ್ಲಿ ಜನ ಓಡಾಡಿದ ದಾರಿ ತೋರ್ಸೋ ಹೀಟ್‌ಮ್ಯಾಪ್‌ನಲ್ಲಿ ಹೊಳೆಯೋ ಗೆರೆ ನೋಡಿ ಮೋಸ ಹೋಗ್ಬೇಡಿ, ಅಲ್ಲಿ ಜಾಸ್ತಿ ಜನ ಸೈಕಲ್ ಹೊಡೀತಾರೆ ಅಂತ ಅರ್ಥ ಅಷ್ಟೇ, ಟ್ರಾಫಿಕ್ ಇಲ್ಲ ಅಂತಲ್ಲ, ಆಫೀಸಿಗೆ ಹೋಗೋರ ಮೇನ್ ರೋಡೂ ಹಾಗೇ ಹೊಳೀತಿರತ್ತೆ. ಸ್ಯಾಟಲೈಟ್ ವ್ಯೂನಲ್ಲಿ ಸಾಲಾಗಿ ನಿಂತ ಕಾರು ಕಾಣ್ಸಿದ್ರೆ ರಸ್ತೆ ಅಗಲ ಎಷ್ಟಿದೆ ಅಂತ ನೋಡಿ, ಯಾವಾಗ ಬೇಕಾದ್ರೂ ಬಾಗಿಲು ತೆಗೀಬಹುದು, ಕಮ್ಮಿ ಅಂದ್ರೂ ಒಂದು ಮೀಟರ್ ದೂರ ಇಟ್ಕೊಂಡು ಹೋಗೋಕೆ ಜಾಗ ಬೇಕು.

ಟ್ರಯಲ್ ಮಾತ್ರ ನೀವು ದಿನಾ ಹೋಗೋ ಹೊತ್ತಿಗೇ ಮಾಡಿ, ಭಾನುವಾರ ಬೆಳಿಗ್ಗೆ ನೋಡಿ ಓಕೆ ಮಾಡಿದ ಬೀದಿಲಿ ಸೋಮವಾರ ಸ್ಕೂಲ್ ಗೇಟ್ ಮುಂದೆ ಸಾಲುಗಟ್ಟಿ ವ್ಯಾನ್ ನಿಂತಿರತ್ತೆ. ಮೊದಲ ರೌಂಡ್ ನಿಧಾನಕ್ಕೆ, ಆಮೇಲೆ ಮಾತಾಡೋಕಾಗ್ಬೇಕು ಆದ್ರೆ ಹಾಡೋಕಾಗ್ಬಾರ್ದು ಅನ್ನೋ ವೇಗ. ಎಲ್ಲೆಲ್ಲಿ ಪದೇ ಪದೇ ಬ್ರೇಕ್ ಹಿಡಿದ್ರೋ ಆ ತುಂಡನ್ನ ಕಿತ್ತಾಕಿ ಪಕ್ಕದ ಬೀದಿ ಸೇರಿಸಿ, ಕೊನೆಗೆ ಉಳಿದಿದ್ದನ್ನ ಜಿಪಿಎಕ್ಸ್ ಫೈಲ್ (ಮ್ಯಾಪ್ ಆ್ಯಪ್‌ಗಳಲ್ಲಿ ತೆಗೆಯೋಕಾಗೋ ರೂಟ್ ಫೈಲ್) ಮಾಡಿ ಫೋನಲ್ಲಿ ಸೇವ್ ಮಾಡ್ಕೊಳ್ಳಿ, ರಸ್ತೆ ಅಗೆದಾಗ ಬಳಸೋಕೆ ಇನ್ನೊಂದು ಲೂಪೂ ಜೊತೆಗಿರ್ಲಿ.