ಬೇರೆ ದೇಶದ ವಾರ್ಷಿಕ ವರದಿಯನ್ನು ನಾನು ಹಿಂದಿನಿಂದ ಓದುವುದು ಹೇಗೆ

ಎರಡು ದೇಶದ ಕಂಪನಿಗಳ ಲಾಭವನ್ನು ಪಕ್ಕಪಕ್ಕ ಇಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಲೆಕ್ಕ ಬರೆದದ್ದು ಯಾವ ನಿಯಮದಲ್ಲಿ?

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನಿದನ್ನು ಕೇಳಿಕೊಳ್ಳಲಿಲ್ಲ. ಒಂದು ಯುರೋಪಿನ ಕಂಪನಿ, ಒಂದು ಅಮೆರಿಕದ್ದು, ಎರಡರದ್ದೂ ಒಂದೇ ವ್ಯಾಪಾರ. ಯುರೋಪಿನದ್ದೇ ಹೆಚ್ಚು ಲಾಭದಲ್ಲಿದೆ ಅಂತ ಬರೆದುಕೊಟ್ಟೆ. ನಮ್ಮ ಹಿರಿಯರು ಕೊನೆಯ ಪುಟಗಳ ನೋಟ್ಸ್, ಅಂದರೆ ಲೆಕ್ಕದ ಅಂಕಿಗಳಿಗೆ ಕೊಡುವ ವಿವರಣೆಗಳನ್ನು, ತೆರೆದು ತೋರಿಸಿದರು. ಹೊಸ ಉತ್ಪನ್ನ ಬೆಳೆಸಲು ಹಾಕಿದ ಹಣದಲ್ಲಿ ಒಂದು ಪಾಲನ್ನು ಆ ಕಂಪನಿ ಆಸ್ತಿ ಅಂತ ಬರೆದಿತ್ತು. ಅಮೆರಿಕದ್ದು ಪೂರ್ತಿ ಆ ವರ್ಷದ ಖರ್ಚಿಗೇ ಹಾಕಿತ್ತು. ಎರಡೂ ಸರಿಯೇ. ಅನೇಕ ದೇಶಗಳು ಬಳಸುವ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಐಎಫ್‌ಆರ್‌ಎಸ್‌ನಲ್ಲಿ ಕೆಲವು ಷರತ್ತು ಪೂರೈಸಿದರೆ ಅಭಿವೃದ್ಧಿಯ ವೆಚ್ಚ ಆಸ್ತಿಯಾಗಲೇಬೇಕು. ಅಮೆರಿಕದ ಸ್ವಂತ ಲೆಕ್ಕ ನಿಯಮವಾದ ಗ್ಯಾಪ್‌ನಲ್ಲಿ ಸಾಮಾನ್ಯವಾಗಿ ಅದು ಖರ್ಚು.

ನಿಯಮ ಬದಲಾದರೆ ಲಾಭ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ಜರ್ಮನಿಯ ಕಾರು ಕಂಪನಿ ಡೈಮ್ಲರ್-ಬೆಂಜ್ ನೋಡಿ. 1993ರಲ್ಲಿ ಅದು ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಆ ವರ್ಷಕ್ಕೆ ಜರ್ಮನ್ ಲೆಕ್ಕದಲ್ಲಿ 61.5 ಕೋಟಿ ಮಾರ್ಕ್ ಲಾಭ. ಅದೇ ವರ್ಷ ಅಮೆರಿಕದ ಲೆಕ್ಕದಲ್ಲಿ ಸುಮಾರು 180 ಕೋಟಿ ಮಾರ್ಕ್ ನಷ್ಟ!

ಹಾಗಾಗಿ ಅಧ್ಯಕ್ಷರ ಪತ್ರ, ಬಣ್ಣದ ಚಿತ್ರ ಎಲ್ಲ ಬಿಟ್ಟು ಮೊದಲು ಆಡಿಟರ್ ವರದಿಗೆ ಹೋಗಿ. ಯಾವ ನಿಯಮ ಅನ್ನುವುದು ಅಲ್ಲೇ ಇರುತ್ತದೆ. ದೇಶದ ಹೆಸರು ನೋಡಿ ಊಹಿಸಬೇಡಿ. ಯುರೋಪ್ ಒಕ್ಕೂಟದ ಲಿಸ್ಟೆಡ್ ಕಂಪನಿಗಳ ಗುಂಪು ಲೆಕ್ಕಕ್ಕೆ (ಅಂಗಸಂಸ್ಥೆಗಳನ್ನೂ ಸೇರಿಸಿದ ಲೆಕ್ಕ) 2005ರಿಂದ ಐಎಫ್‌ಆರ್‌ಎಸ್ ಕಡ್ಡಾಯ. ಆದರೆ ಜಪಾನಿನಲ್ಲಿ ಒಂದು ಕಂಪನಿ ದೇಶದ ನಿಯಮ ಹಿಡಿದಿರುತ್ತದೆ, ಇನ್ನೊಂದು ಐಎಫ್‌ಆರ್‌ಎಸ್. ಜಪಾನಿನ ನಿಯಮದಲ್ಲಿ ಗುಡ್‌ವಿಲ್ ಅನ್ನು, ಅಂದರೆ ಬೇರೆ ಕಂಪನಿ ಕೊಳ್ಳುವಾಗ ಅದರ ನಿವ್ವಳ ಆಸ್ತಿಯ ಮೌಲ್ಯಕ್ಕಿಂತ ಹೆಚ್ಚು ಕೊಟ್ಟ ಹಣವನ್ನು, ಹೆಚ್ಚೆಂದರೆ 20 ವರ್ಷದೊಳಗೆ ಕರಗಿಸಬೇಕು, ಅಂದರೆ ವರ್ಷವರ್ಷವೂ ಸ್ವಲ್ಪಸ್ವಲ್ಪ ಖರ್ಚಿಗೆ ಹಾಕಿ ಮುಗಿಸಬೇಕು. ಐಎಫ್‌ಆರ್‌ಎಸ್‌ನಲ್ಲಿ ಹಾಗೆ ಕರಗಿಸುವುದಿಲ್ಲ, ಮೌಲ್ಯ ಕುಸಿದಿದೆಯಾ ಅಂತ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುತ್ತಾರೆ. ಬೇರೆ ಕಂಪನಿಗಳನ್ನು ಕೊಂಡು ಬೆಳೆದವರ ಲಾಭದಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ.

ಅಮೆರಿಕದ ಲಿಸ್ಟೆಡ್ ಕಂಪನಿಯಾದರೆ, ಅಲ್ಲಿನ ಷೇರುಪೇಟೆ ನಿಯಂತ್ರಕರ ಜಾಲತಾಣ ಎಡ್ಗರ್‌ನಲ್ಲಿ ಅದರ ವಾರ್ಷಿಕ ವರದಿ 10-ಕೆ ಪುಕ್ಕಟೆ ಸಿಗುತ್ತದೆ. ಅಲ್ಲಿ ಲಿಸ್ಟ್ ಆದ ಅನೇಕ ವಿದೇಶಿ ಕಂಪನಿಗಳ ವಾರ್ಷಿಕ ವರದಿಯ ಹೆಸರು 20-ಎಫ್.

ಈಗ ನೋಟ್ಸ್. ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ನಾನು ಮೂರು ಜಾಗ ತಪ್ಪದೆ ನೋಡುತ್ತೇನೆ. ದಾಸ್ತಾನಿಗೆ ಅಮೆರಿಕದಲ್ಲಿ ಲೈಫೋ ಪದ್ಧತಿ ಬಳಸಬಹುದು, ಅಂದರೆ ಕೊನೆಗೆ ಕೊಂಡದ್ದು ಮೊದಲು ಮಾರಾಟವಾಯಿತು ಅನ್ನುವ ಲೆಕ್ಕ. ಬೆಲೆ ಏರುವಾಗ ಇದರಲ್ಲಿ ಲಾಭ ಕಡಿಮೆ ಕಾಣುತ್ತದೆ. ಐಎಫ್‌ಆರ್‌ಎಸ್‌ನಲ್ಲಿ ಲೈಫೋಗೆ ಅವಕಾಶವೇ ಇಲ್ಲ. ನೋಟ್ಸ್‌ನಲ್ಲಿ ಲೈಫೋ ರಿಸರ್ವ್, ಅಂದರೆ ಬೇರೆ ಪದ್ಧತಿಯಲ್ಲಿ ದಾಸ್ತಾನಿನ ಮೌಲ್ಯ ಲೈಫೋಗಿಂತ ಎಷ್ಟು ಹೆಚ್ಚಾಗುತ್ತಿತ್ತು ಅನ್ನುವ ಮೊತ್ತ, ಕೊಟ್ಟಿದ್ದರೆ, ಅದು ಆ ವರ್ಷ ಏರಿದಷ್ಟನ್ನು ಲಾಭಕ್ಕೆ ಕೂಡಿಸಿ. ಅಭಿವೃದ್ಧಿ ವೆಚ್ಚಕ್ಕೆ ಹೀಗೆ ಮಾಡಿ: ಐಎಫ್‌ಆರ್‌ಎಸ್ ಕಂಪನಿಯ ಲಾಭದಿಂದ ಈ ವರ್ಷ ಆಸ್ತಿ ಮಾಡಿದ್ದನ್ನು ಕಳೆಯಿರಿ, ಹಿಂದೆ ಆಸ್ತಿ ಮಾಡಿದ್ದರಲ್ಲಿ ಈ ವರ್ಷ ಕರಗಿಸಿದ್ದನ್ನು ಕೂಡಿಸಿ. ದಾಸ್ತಾನು, ಅಭಿವೃದ್ಧಿ ಎರಡರ ತಿದ್ದುಪಡಿಯನ್ನೂ ತೆರಿಗೆಗೆ ಮುಂಚಿನ ಲಾಭದ ಮೇಲೆ ಮಾಡಿ. ಮೂರನೆಯದು ಬಾಡಿಗೆ. 2019ರಿಂದ ಐಎಫ್‌ಆರ್‌ಎಸ್‌ನಲ್ಲಿ ಹೆಚ್ಚಿನ ಬಾಡಿಗೆ ಒಪ್ಪಂದಗಳು ಸವಕಳಿ ಮತ್ತು ಬಡ್ಡಿಯಾಗಿ ಒಡೆಯುತ್ತವೆ. ಅಮೆರಿಕದಲ್ಲಿ ಆಪರೇಟಿಂಗ್ ಲೀಸ್ (ಮಾಲೀಕತ್ವ ಕೈಗೆ ಬಾರದ ಸಾಮಾನ್ಯ ಬಾಡಿಗೆ ಒಪ್ಪಂದ) ಇನ್ನೂ ಬಾಡಿಗೆ ಖರ್ಚಾಗಿಯೇ ಉಳಿದಿದೆ. ಇದನ್ನು ನೋಡದೆ ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ, ಹೋಲಿಸಿದರೆ ಐಎಫ್‌ಆರ್‌ಎಸ್ ಕಂಪನಿ ಸುಮ್ನೆ ಮುಂದೆ ಕಾಣುತ್ತದೆ.

ಆಡಳಿತದ ಭಾಗವನ್ನು ಬಹಳ ಜನ ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ. ಜರ್ಮನಿಯ ಎಜಿ ಕಂಪನಿಗಳಲ್ಲಿ (ಷೇರು ಬಂಡವಾಳದ ಕಂಪನಿಗಳು) ಎರಡು ಮಂಡಳಿ. ಒಂದು ಕಂಪನಿ ನಡೆಸುತ್ತದೆ, ಇನ್ನೊಂದು ಅದರ ಮೇಲೆ ಕಣ್ಣಿಡುತ್ತದೆ. ಅಲ್ಲೇ 2,000ಕ್ಕಿಂತ ಹೆಚ್ಚು ನೌಕರರಿದ್ದರೆ, ಕಣ್ಣಿಡುವ ಮಂಡಳಿಯಲ್ಲಿ ಅರ್ಧ ಜನ ನೌಕರರ ಪರವಾಗಿ ಕೂರುತ್ತಾರೆ. ಬ್ರಿಟನ್ನಿನಲ್ಲಿ ಲಿಸ್ಟೆಡ್ ಕಂಪನಿಗಳು ಆಡಳಿತ ಸಂಹಿತೆ ಪಾಲಿಸಬೇಕು, ಇಲ್ಲವೇ ಯಾಕೆ ಪಾಲಿಸಲಿಲ್ಲ ಅಂತ ಹೇಳಬೇಕು. ಆ ವಿವರಣೆಯನ್ನು ಹುಡುಕಿ ಓದಿ. ಒಂದೇ ಸಾಲಿನ ನೆಪ ವರ್ಷವರ್ಷವೂ ಹಾಗೇ ಬಂದರೆ ನಾನು ಅಂಚಿನಲ್ಲಿ ಗುರುತು ಹಾಕುತ್ತೇನೆ. ಅಮೆರಿಕದಲ್ಲಿ 2002ರ ಸಾರ್ಬೇನ್ಸ್-ಆಕ್ಸ್‌ಲಿ ಕಾನೂನಿನ ನಂತರ ಸಿಇಒ, ಸಿಎಫ್‌ಒ ಇಬ್ಬರೂ ವರದಿಗೆ ಖುದ್ದು ಸಹಿಮಾಡಿ ಹೊಣೆ ಹೊರುತ್ತಾರೆ.

ಎಲ್ಲ ದೇಶದ ವರದಿಯಲ್ಲೂ ನಾನು ಓದುವ ಇನ್ನೊಂದು ನೋಟ್ ಸಂಬಂಧಿತ ಪಕ್ಷಗಳ ವಹಿವಾಟು, ಅಂದರೆ ಕಂಪನಿಯ ಮಾಲೀಕರು, ನಿರ್ದೇಶಕರು, ಅವರ ಹತ್ತಿರದವರ ಜೊತೆಗಿನ ವ್ಯವಹಾರ. ಮಾಲೀಕರ ಮನೆಯವರ ಕಂಪನಿಗೆ ಸಾಲ ಹೋಗಿದೆಯಾ, ವಾಪಸ್ ಬಂದಿದೆಯಾ? ಹಿಂದಿನ ಮೂರು ವರ್ಷದ ವರದಿ ತೆಗೆದು ಅದೇ ನೋಟ್ ಪಕ್ಕಪಕ್ಕ ಇಡಿ. ಮೊತ್ತ ಬೆಳೆಯುತ್ತಲೇ ಹೋಗಿದ್ದರೆ, ಲಾಭದ ಪುಟಕ್ಕೆ ಹೋಗುವ ಮೊದಲು ನಾನು ನಗದು ಹರಿವಿನ ಪಟ್ಟಿ ತೆರೆಯುತ್ತೇನೆ.